ಹಳೇ ಸರ್ಫೇಸ್ ಗ್ರೈಂಡರ್: ಬೇರಿಂಗ್ ಹೋಗಿದೆಯಾ, ಬೇರೇನಾದ್ರೂನಾ?

ಪ್ರಶ್ನೆ: ಸರ್, ಪೀಣ್ಯದಲ್ಲಿ ನಮ್ಮದು ಚಿಕ್ಕ ಟೂಲ್‌ರೂಮ್. ಸೆಕೆಂಡ್ ಹ್ಯಾಂಡ್ ಹೈಡ್ರಾಲಿಕ್ ಸರ್ಫೇಸ್ ಗ್ರೈಂಡರ್ (ಲೋಹದ ಮೈಯನ್ನ ವೀಲಿಂದ ಉಜ್ಜಿ ಸಮ ಮಾಡೋ ಮೆಷಿನ್) ಒಂದು ನೋಡಿ ಬಂದೆ. ವೀಲ್ 200 ಮಿ.ಮೀ., ಮೋಟಾರು ನೇರ ಸ್ಪಿಂಡಲ್ (ವೀಲ್ ತಿರುಗಿಸೋ ಶಾಫ್ಟ್) ಮೇಲೇ ಇದೆ, 2800 ಆರ್‌ಪಿಎಂ. ಸದ್ದಿಲ್ಲದೆ ಓಡ್ತಿದೆ, ಆದ್ರೆ ಜಾಬ್ (ಉಜ್ಜೋ ತುಂಡು) ಮೇಲೆ ಅಡ್ಡ ಗೆರೆ ಬೀಳ್ತಿವೆ. ಮಾರುವವರು "ಬೇರಿಂಗ್ ಸ್ವಲ್ಪ ಹೋಗಿದೆ, ಹಾಕ್ಸಿಕೊಂಡ್ರೆ ಆಯ್ತು" ಅಂತಾರೆ. ನಂಬಬಹುದಾ?

ಉತ್ತರ: ಸ್ಪಿಂಡಲ್ ರಿಪೇರಿಯಲ್ಲೇ ತಲೆ ಬೆಳ್ಳಗಾದವನು ನಾನು. ಮಾರುವವನೇ ಬಾಯಿಬಿಟ್ಟು ಬೇರಿಂಗ್ ಹೋಗಿದೆ ಅಂದ್ರೆ ಮೊದಲು ಬೇರೆ ಕಡೆ ನೋಡ್ತೀನಿ. ಸದ್ದಿಲ್ಲ ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಗಟ್ಟಿ ಗ್ರೀಸ್ ತುಂಬಿದ್ರೆ ಸತ್ತ ಬೇರಿಂಗೂ ಒಂದರ್ಧ ಗಂಟೆ ಸುಮ್ಮನಿರತ್ತೆ. ಒಂದು ಗಂಟೆ ಓಡಿಸಿ, ಆಮೇಲೆ ಸ್ಕ್ರೂಡ್ರೈವರ್ ತುದಿ ಹೌಸಿಂಗ್‌ಗೆ, ಹಿಡಿ ಕಿವಿಗೆ. ಒಂದೇ ಸಮನೆ ಗುಂಯ್ ಅಂದ್ರೆ ಸರಿ. ಮರಳು ಅರೆದ ಹಾಗೆ ಕೇಳಿದ್ರೆ ಬೇರಿಂಗ್ ಮುಗೀತು. ಹೌಸಿಂಗ್ ಬೆಚ್ಚಗಿರಲಿ, ಕೈ ಇಡೋಕಾಗದಷ್ಟು ಸುಡಬಾರದು.

ಮುಖ್ಯವಾದದ್ದು ಡಯಲ್ ಕೆಲಸ. ಕರೆಂಟ್ ಕಟ್ ಮಾಡಿ ವೀಲ್ ಬಿಚ್ಚಿ. ಒಂದು ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ತೋರಿಸೋ ಪುಪ್ಪಿ ಡಯಲ್, ಅಂದ್ರೆ ಸಣ್ಣ ಲಿವರ್ ಮುಳ್ಳಿನ ಡಯಲ್, ಒಯ್ಯಿರಿ, 10 ಮೈಕ್ರಾನ್ ಡಯಲ್‌ನಲ್ಲಿ ಇದು ಗೊತ್ತಾಗಲ್ಲ. ಸ್ಪಿಂಡಲ್ ಟೇಪರ್ (ವೀಲ್ ಕೂರೋ ಚೂಪಾಗ್ತಾ ಹೋಗೋ ತುದಿ) ಮೇಲೆ ಮುಳ್ಳು ಇಟ್ಟು ಕೈಯಲ್ಲಿ ಹತ್ತು ಸುತ್ತು ನಿಧಾನ ತಿರುಗಿಸಿ. ಪ್ರತಿ ಸುತ್ತಲ್ಲೂ ಅದೇ ಜಾಗದಲ್ಲಿ ಅಷ್ಟೇ ಎದ್ದರೆ ಅದು ಟೇಪರ್‌ಗೆ ಬಿದ್ದ ಪೆಟ್ಟು, ಇಲ್ಲಾ ಸ್ಪಿಂಡಲ್ ಬೆಂಡ್. ಒಂದೊಂದು ಸುತ್ತಿಗೆ ಒಂದೊಂದು ಥರ ತೋರಿಸಿದ್ರೆ ಬೇರಿಂಗ್. ಯಾಕಂದ್ರೆ ಸ್ಪಿಂಡಲ್ ಒಂದು ಸುತ್ತು ಬರೋ ಹೊತ್ತಿಗೆ ಒಳಗಿನ ಬಾಲುಗಳನ್ನ ಹಿಡಿದಿರೋ ಕೇಜ್ ಅರ್ಧ ಸುತ್ತೂ ಬಂದಿರಲ್ಲ, ಅದರ ದೋಷ ಹಾಗಾಗಿ ಜಾಗ ಬದಲಿಸ್ತಾ ಹೋಗತ್ತೆ.

ಆಮೇಲೆ ಚಕ್ (ಟೇಬಲ್ ಮೇಲೆ ಜಾಬ್ ಹಿಡಿಯೋ ಭಾಗ) ಮೇಲೆ ಮರದ ತುಂಡಿಟ್ಟು ಸ್ಪಿಂಡಲ್ ಮೂಗನ್ನ ಮೆಲ್ಲಗೆ ಮೇಲಕ್ಕೆ ಮೀಟಿ. ಕಬ್ಬಿಣದ ರಾಡ್ ಹಾಕಿ ಜೋರು ಮಾಡಿ ಇರೋ ಬೇರಿಂಗನ್ನೂ ಕೆಡಿಸಬೇಡಿ. ಈ ಟೆಸ್ಟ್ ಎರಡು ಸಲ: ಒಮ್ಮೆ ಡಯಲ್ ಸ್ಟ್ಯಾಂಡು ವೀಲ್ ಹೆಡ್ (ಸ್ಪಿಂಡಲ್ ಹೊತ್ತಿರೋ ಭಾಗ) ಮೇಲೆ, ಇನ್ನೊಮ್ಮೆ ಟೇಬಲ್ ಮೇಲೆ. ತುಂಬಾ ಜನ ಟೇಬಲ್ ಮೇಲಷ್ಟೇ ಇಟ್ಟು, ಕಾಲಮ್ ಸ್ಲೈಡಿನ (ಹೆಡ್ ಮೇಲೆ ಕೆಳಗೆ ಜಾರೋ ದಾರಿಯ) ಲೂಸನ್ನೂ ಬೇರಿಂಗ್ ತಲೆಗೇ ಕಟ್ತಾರೆ.

ನಡುವೆ ಇನ್ನೊಬ್ಬರು: ನಮ್ಮದರಲ್ಲಿ ಹೆಡ್ ಮೇಲೆ ಆಯಿಲ್ ಗ್ಲಾಸ್ ಇದೆ. ಎತ್ತಿದ್ರೆ ಸ್ವಲ್ಪ ಆಡತ್ತೆ, ಅದೂ ಹೋಗಿದೆಯಾ?

ಉತ್ತರ: ನಿಮ್ಮದು ಬುಷ್ ಬೇರಿಂಗ್, ಅಂದ್ರೆ ಬಾಲುಗಳಿಲ್ಲದ್ದು, ಇರಬಹುದು. ಅದು ನಿಲ್ಲೋದೇ ಎಣ್ಣೆ ಪದರದ ಮೇಲೆ, ಗ್ಯಾಪ್ ಇರಲೇಬೇಕು. ಎಣ್ಣೆ ಮಾತ್ರ ತೆಳು ಸ್ಪಿಂಡಲ್ ಆಯಿಲೇ ಹಾಕಿ. ಗಟ್ಟಿ ಗೇರ್ ಆಯಿಲ್ ಸುರಿದು ಬುಷ್ ಸುಟ್ಟವರನ್ನ ಕಂಡಿದೀನಿ.

ಪ್ರಶ್ನೆ ಕೇಳಿದವರು: ಸರ್, ಇವತ್ತು ಹೋಗಿ ನೋಡಿದೆ. ರನ್‌ಔಟ್ (ತಿರುಗಿಸಿದಾಗ ಡಯಲ್ ಏರಿಳಿದದ್ದು) 3 ಮೈಕ್ರಾನ್, ಹತ್ತೂ ಸುತ್ತಲ್ಲಿ ಅದೇ ಜಾಗ. ಮೀಟಿದಾಗ ಸ್ಟ್ಯಾಂಡ್ ಹೆಡ್ ಮೇಲಿದ್ರೆ 2, ಬಿಟ್ಟರೆ ಸೊನ್ನೆಗೆ ವಾಪಸ್. ಟೇಬಲ್ ಮೇಲಿಟ್ಟರೆ 18! ಬಿಟ್ಟ ಮೇಲೂ 6ರಲ್ಲೇ ನಿಂತಿತ್ತು. ಗೆರೆಗೆ ಗೆರೆ ದೂರ ಐದೂವರೆ ಮಿ.ಮೀ. ಇರಬಹುದು. ಟೇಬಲ್ ಸೆಕೆಂಡಿಗೆ ಹೆಚ್ಚುಕಡಿಮೆ 250 ಮಿ.ಮೀ. ಓಡ್ತಿತ್ತು.

ಉತ್ತರ: ಶಾಭಾಷ್, ಟೇಬಲ್ ಸ್ಪೀಡೂ ಅಳೆದಿದೀರಿ. 2800 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 46.7 ಸುತ್ತು. 250ನ್ನ ಅದರಿಂದ ಭಾಗಿಸಿದ್ರೆ 5.4 ಮಿ.ಮೀ. ಅಂದ್ರೆ ವೀಲಿನ ಒಂದು ಸುತ್ತಿಗೆ ಒಂದು ಗೆರೆ. ಬಾಲು ಓಡೋ ದಾರಿ ಹಾಳಾಗಿದ್ರೆ ಒಂದೇ ಸುತ್ತಲ್ಲಿ ಹಲವು ಸಲ ಬಡೀತಿತ್ತು, ಗೆರೆಗಳು ಇನ್ನೂ ಒತ್ತಾಗಿ ಬೀಳ್ತಿದ್ವು. ಇಲ್ಲಿ ಮೊದಲ ಅನುಮಾನ ವೀಲ್ ಬ್ಯಾಲೆನ್ಸ್ ಮೇಲೆ, ಹೆಡ್ ಲೂಸಿರೋದ್ರಿಂದ ಅದು ಎದ್ದು ಕಾಣ್ತಿದೆ. ನಿಮ್ಮ ಲೆಕ್ಕದ ಪ್ರಕಾರ ಬೇರಿಂಗ್ ಚೆನ್ನಾಗಿದೆ.

ಪ್ರಶ್ನೆ ಕೇಳಿದವರು: ಅಬ್ಬಾ, ಹಾಗಾದ್ರೆ ತಗೋಬಹುದು!

ಉತ್ತರ: ತಡೀರಿ, ಬೇರಿಂಗ್ ಹೋಗಿದ್ರೇ ಚೆನ್ನಾಗಿತ್ತು. ಒಳ್ಳೇ ಪಿ-4 (ಹೆಚ್ಚು ನಿಖರತೆಯ ಗ್ರೇಡ್) ಬೇರಿಂಗ್ ಜೋಡಿ ತಂದು ಕೂರಿಸಿದ್ರೆ ಮುಗೀತಿತ್ತು. ಕಾಲಮ್ ಸ್ಲೈಡ್ ಸವೆದಿದ್ರೆ ಸ್ಕ್ರೇಪಿಂಗ್, ಅಂದ್ರೆ ಮೈ ಕೆರೆದು ಸಮ ಮಾಡೋ ಕೈಕೆಲಸ, ವಾರಗಟ್ಟಲೆ. ಇನ್ನೊಂದು ಸಲ ಹೋಗಿ ಹೆಡ್ಡಿನ ಗಿಬ್ (ಸ್ಲೈಡಿನ ಸಂದು ಬಿಗಿ ಮಾಡೋ ಪಟ್ಟಿ) ಸ್ವಲ್ಪ ಟೈಟ್ ಮಾಡಿ, ಹೆಡ್ ಕೆಳಗಿಂದ ಮೇಲಿನವರೆಗೆ ಆಡಿಸಿ. ಇಡೀ ಸ್ಟ್ರೋಕ್ ಒಂದೇ ಬಿಗಿಯಲ್ಲಿ ಓಡಿ 18 ಇಳಿದ್ರೆ ಧೈರ್ಯವಾಗಿ ತಗೊಳ್ಳಿ. ಕೆಳಗೆ ಸರಿಹೋಗಿ ಮೇಲೆ ಹಿಡ್ಕೊಂಡ್ರೆ, ದಿನಾ ಕೆಲಸ ನಡೆದ ಜಾಗ ಸವೆದಿದೆ ಅಂತ. ಆವಾಗ ರೇಟು ಬೇರಿಂಗ್ ಲೆಕ್ಕದಲ್ಲಿ ಮಾತಾಡಬೇಡಿ, ಸ್ಕ್ರೇಪಿಂಗ್ ಲೆಕ್ಕದಲ್ಲಿ ಇಳಿಸಿ. ಹಾಂ, ವಾಪಸ್ ವೀಲ್ ಹಾಕುವಾಗ ಮರದ ಹಿಡಿಯಿಂದ ತಟ್ಟಿ ನೋಡಿ, ಠಣ್ ಅನ್ನದ ವೀಲ್ ಹಾಕಬೇಡಿ. ಸ್ಟಾರ್ಟ್ ಮಾಡುವಾಗ ಪಕ್ಕಕ್ಕೆ ನಿಂತ್ಕೊಳ್ಳಿ.

ಪ್ರಶ್ನೆ ಕೇಳಿದವರು: ಸರಿ ಸರ್, ಶನಿವಾರ ಅಲನ್ ಕೀ ಸೆಟ್ ತಗೊಂಡೇ ಹೋಗ್ತೀನಿ.