ಪದಚರ್ಚೆ: ‘ದೇವರ ಕ್ಷಮಾಪಣೆ’ ಎಂದರೆ ಯಾರು ಯಾರಿಗೆ?

ಪ್ರಶ್ನೆ: ಕ್ರೈಸ್ತ ಬರಹಗಳಲ್ಲಿ ಪಾಪಕ್ಷಮೆ, ಪಾಪಕ್ಷಮಾಪಣೆ, ಪಾಪಪರಿಹಾರ, ಪ್ರಾಯಶ್ಚಿತ್ತ ಎಲ್ಲವೂ ಕಾಣುತ್ತವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಬಹುದೇ? ‘ದೇವರ ಕ್ಷಮಾಪಣೆ’ ಎಂದು ಓದಿದರೆ ದೇವರೇ ತಪ್ಪೊಪ್ಪಿಕೊಂಡ ಹಾಗೆ ಕೇಳಿಸುತ್ತದೆ. ತಿಳಿದವರು ಹೇಳಿ.

ಉತ್ತರ: ಹಾಗೆ ಕೇಳಿಸುವುದು ಸಹಜವೇ. ಇವತ್ತಿನ ಕನ್ನಡದಲ್ಲಿ ಕ್ಷಮಾಪಣೆ ಎಂದರೆ ತಪ್ಪು ಮಾಡಿದವರು ಕೇಳುವುದು. ಕ್ಷಮಾಪಣೆ ಪತ್ರ ಬರೆದುಕೊಡುವವರು ತಪ್ಪಿತಸ್ಥರು. ಕ್ರೈಸ್ತ ಸಭೆಯ (ಚರ್ಚಿನ) ಬಳಕೆಯಲ್ಲಿ ದೇವರು ಕೊಡುವುದಕ್ಕೂ ಅದೇ ಹೆಸರು. ಹಾಗಾಗಿ ಎಲ್ಲರೂ ಓದುವ ಬರಹದಲ್ಲಿ ಕ್ರಿಯಾಪದವನ್ನೇ ಇಡಿ: ‘ದೇವರು ಅವನ ಪಾಪಗಳನ್ನು ಕ್ಷಮಿಸಿದನು’. ನಾಮಪದವೇ ಬೇಕಿದ್ದರೆ ‘ಪಾಪಕ್ಷಮೆ’ ಸಾಕು. ಪ್ರಾರ್ಥನೆಯಲ್ಲಿ ಬಾಯಿಪಾಠವಾದ ಮಾತನ್ನು ಮಾತ್ರ ತಿದ್ದಲು ಹೋಗಬೇಡಿ.

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಕ್ಷಮಿಸುವುದಕ್ಕೆ ಹೆಚ್ಚಾಗಿ ಬರುವ ಗ್ರೀಕ್ ಪದ ‘ಅಫಿಯೆಮಿ’: ಬಿಟ್ಟುಬಿಡು, ಕಳಿಸಿಬಿಡು. ಸಂಸ್ಕೃತದ ‘ಕ್ಷಮಾ’ದಲ್ಲಿ ತಾಳಿಕೊಳ್ಳುವ ಅರ್ಥ ಮುಂದಿದ್ದರೆ, ಇಲ್ಲಿ ಲೆಕ್ಕವನ್ನೇ ಕೈಬಿಡುವ ಅರ್ಥ. ಸಹೋದರನ ತಪ್ಪನ್ನು ಕ್ಷಮಿಸುವ ಬಗ್ಗೆ ಯೇಸು ಹೇಳುವ ಮತ್ತಾಯ 18ರ ಸಾಮ್ಯದಲ್ಲಿ (ದೃಷ್ಟಾಂತ ಕಥೆಯಲ್ಲಿ) ಅರಸನು ಸೇವಕನಿಗೆ 10,000 ತಲಾಂತು ಸಾಲ ಬಿಡುತ್ತಾನೆ. ಅದೇ ಸೇವಕ 100 ದೆನಾರಿಗಾಗಿ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ತಲಾಂತಿಗೆ 6,000 ದೆನಾರಿ, ದೆನಾರಿ ಒಂದು ದಿನದ ಕೂಲಿ. ಅಂದರೆ ಬಿಟ್ಟ ಸಾಲ, ಬಿಡದ ಸಾಲದ 6 ಲಕ್ಷ ಪಟ್ಟು. ಸಾಲಕ್ಕೂ ಸಹೋದರನ ತಪ್ಪಿಗೂ ಅಲ್ಲಿ ಒಂದೇ ಕ್ರಿಯಾಪದ. ಅನುವಾದದಲ್ಲಿ ಸಾಲಕ್ಕೆ ‘ಮನ್ನಾ’, ತಪ್ಪಿಗೆ ‘ಕ್ಷಮೆ’ ಎಂದು ಒಡೆದರೆ ಈ ಕೊಂಡಿ ಕಳಚುತ್ತದೆ. ‘ಬಿಟ್ಟುಬಿಡು’ ಎರಡಕ್ಕೂ ಒಗ್ಗುತ್ತದೆ, ಕನ್ನಡವೂ ಹೌದು.

ಪಾಪಪರಿಹಾರವನ್ನು ಕ್ಷಮೆಗೆ ಪರ್ಯಾಯ ಮಾಡಬಾರದು. ಹಳೆಯ ಒಡಂಬಡಿಕೆಯ ಯಾಜಕಕಾಂಡ 4ರಲ್ಲಿ ಯಾಜಕನು (ಬಲಿ ಅರ್ಪಿಸುವ ಪುರೋಹಿತ) ದೋಷಪರಿಹಾರ ಮಾಡುತ್ತಾನೆ, ಆಮೇಲೆ ಪಾಪ ಮಾಡಿದವರಿಗೆ ಕ್ಷಮೆಯಾಗುತ್ತದೆ (4:20, 26, 31, 35). ಹೀಬ್ರೂವಿನಲ್ಲಿ ಎರಡು ಬೇರೆ ಕ್ರಿಯಾಪದಗಳಿವೆ. ಕ್ಷಮಿಸುವುದಕ್ಕೆ ಬಳಸಿದ ‘ಸಾಲಹ್’ಗೆ ಹಳೆಯ ಒಡಂಬಡಿಕೆಯಲ್ಲಿ ಕರ್ತೃ ಯಾವಾಗಲೂ ದೇವರೇ, ಮನುಷ್ಯನಲ್ಲ. ಪರಿಹಾರ ಯಾಜಕನ ಕೈಯಿಂದ, ಕ್ಷಮೆ ದೇವರಿಂದ. ಒಂದೇ ಪದಕ್ಕೆ ಇಳಿಸಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಪ್ರಾಯಶ್ಚಿತ್ತದಲ್ಲಿ ಗೊಂದಲ ಇನ್ನೂ ಜಾಸ್ತಿ. ಕ್ರಿಸ್ತನ ಮರಣವನ್ನು ಹೇಳುವಾಗ ಪ್ರಾಯಶ್ಚಿತ್ತ ಮಾಡಿದವನು ಕ್ರಿಸ್ತ, ಪಾಪಿಯಲ್ಲ. ಕಥೋಲಿಕರ ಪಾಪನಿವೇದನೆಯಲ್ಲಿ (ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವುದರಲ್ಲಿ) ಅದನ್ನು ಮಾಡುವವನು ನಿವೇದಿಸಿದವನೇ. ಅಲ್ಲಿನ ಕ್ರಮ: ಆತ್ಮಪರಿಶೋಧನೆ, ಪಶ್ಚಾತ್ತಾಪ, ನಿವೇದನೆ, ಪಾದ್ರಿ ಪ್ರಾಯಶ್ಚಿತ್ತ ವಿಧಿಸಿ ಹೇಳುವ ಪಾಪವಿಮೋಚನೆಯ ಮಾತು. ವಿಧಿಸಿದ ಜಪವನ್ನೋ ಸತ್ಕಾರ್ಯವನ್ನೋ ಸಾಮಾನ್ಯವಾಗಿ ಆಮೇಲೆ ಮಾಡಿ ಮುಗಿಸುತ್ತಾರೆ. ಆದ್ದರಿಂದ ‘ಪ್ರಾಯಶ್ಚಿತ್ತ ಮಾಡಿ ಕ್ಷಮೆ ಗಳಿಸಿದನು’ ಎಂದು ಬರೆದರೆ ಕ್ರಮವೂ ತಪ್ಪು, ತತ್ತ್ವವೂ ತಪ್ಪು. ಕ್ಷಮೆ ಗಳಿಕೆಯಲ್ಲ, ಕೃಪೆ. ‘ಕ್ಷಮೆ ಹೊಂದಿದನು’ ಎಂದು ಬರೆಯಿರಿ.