‘ನಿರ್ವಹಣೆ’: ನಡೆಸುವುದೋ, ಸುಸ್ಥಿತಿಯಲ್ಲಿಡುವುದೋ?

ಅಭಿವೃದ್ಧಿಶೀಲ ದೇಶಗಳ ಆರ್ಥಿಕ ಬೆಳವಣಿಗೆಯಲ್ಲಿ ಮ್ಯಾನೇಜ್‌ಮೆಂಟ್ ಕೌಶಲಗಳ ಪಾತ್ರವನ್ನು ಕುರಿತು ಬರೆಯುವಾಗ ‘ನಿರ್ವಹಣೆ’ ಎಂಬ ಪದವನ್ನು ಎಷ್ಟರಮಟ್ಟಿಗೆ ನೆಚ್ಚಿಕೊಳ್ಳಬಹುದು ಎಂಬುದು ನನ್ನ ಪ್ರಶ್ನೆ. ‘ಕೆರೆ ನಿರ್ವಹಣೆ’, ‘ರಸ್ತೆ ನಿರ್ವಹಣೆ’ ಎನ್ನುವಾಗ ಅದಕ್ಕೆ ದುರಸ್ತಿ ಮಾಡಿ ಸುಸ್ಥಿತಿಯಲ್ಲಿಡುವುದು ಎಂಬ ಅರ್ಥವಿದೆ. ಕಾರ್ಖಾನೆಯ ಮಾತು ಬಂದಾಗ ನಡೆಸುವುದು, ಸುಸ್ಥಿತಿಯಲ್ಲಿಡುವುದು ಎಂಬ ಎರಡೂ ಅರ್ಥಗಳು ಒಂದೇ ವಾಕ್ಯದಲ್ಲಿ ತಗಲಿಕೊಳ್ಳುತ್ತವೆ.

ಮುಂಬಯಿ ಸಮೀಪದ ತಾರಾಪುರ ಮತ್ತು ಉಂಬರ್‌ಗಾಂವ್‌ಗಳ ಬಟ್ಟೆ ಗಿರಣಿಗಳಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2008ರಲ್ಲಿ ಆರಂಭಿಸಿದ ಪ್ರಯೋಗವನ್ನೇ ನೋಡಬಹುದು. ಕೆಲವು ಗಿರಣಿಗಳಿಗೆ ಐದು ತಿಂಗಳ ಕಾಲ ಉಚಿತ ಸಲಹೆ ಒದಗಿಸಿ, ಕೆಡುವ ಮೊದಲೇ ಯಂತ್ರಗಳನ್ನು ಪರಿಶೀಲಿಸುವುದು, ನೂಲಿನ ದಾಸ್ತಾನಿಗೆ ಲೆಕ್ಕವಿಡುವುದು, ಬಟ್ಟೆಯ ದೋಷಗಳನ್ನು ಬಗೆವಾರು ದಾಖಲಿಸುವುದು ಮೊದಲಾದ 38 ಕಾರ್ಯಪದ್ಧತಿಗಳನ್ನು ರೂಢಿಸಲು ಯತ್ನಿಸಿದಾಗ, ಮೊದಲ ವರ್ಷದಲ್ಲಿಯೇ ಉತ್ಪಾದಕತೆ ಶೇ. 17ರಷ್ಟು ಹೆಚ್ಚಿತು. ಇದನ್ನು ವಿವರಿಸುತ್ತ ‘ಯಂತ್ರಗಳ ನಿರ್ವಹಣೆಯೂ ನಿರ್ವಹಣಾ ಕೌಶಲದ ಭಾಗ’ ಎಂದು ಬರೆದರೆ ಓದುಗರು ಎಡವುವುದು ಖಂಡಿತ.

‘ಆಡಳಿತ’ ಎಂದರೆ ಬೇರೊಂದು ತೊಡಕು. ಕಾಲೇಜಿನ ‘ಆಡಳಿತ ಮಂಡಳಿ’ಯಂತೆ ಆ ಪದದಲ್ಲಿ ಒಡೆತನದ ಅಧಿಕಾರ ಮುಂದಾಗಿ ನಿಲ್ಲುತ್ತದೆ. ಆದರೆ ಅದೇ ಅಧ್ಯಯನದ ಪ್ರಕಾರ, ಹೊರಗಿನವರ ಕೈಗೆ ತೀರ್ಮಾನಗಳನ್ನು ಬಿಡಲು ಮಾಲೀಕರು ಹಿಂಜರಿಯುತ್ತಿದ್ದುದರಿಂದ, ಸಂಸ್ಥೆ ಎಷ್ಟು ದೊಡ್ಡದಾಗಿ ಬೆಳೆಯಿತು ಎಂಬುದು ಅದನ್ನು ನಡೆಸುವ ಜಾಣ್ಮೆಗಿಂತ ಮನೆತನದ ಗಂಡಸರ ಸಂಖ್ಯೆಗೇ ಹೆಚ್ಚಾಗಿ ಹೊಂದಿಕೊಂಡಿತ್ತು. ಹೀಗಿರುವಾಗ ಯಜಮಾನಿಕೆಯನ್ನೂ ಕೌಶಲವನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿದರೆ ಚರ್ಚೆಯ ತಿರುಳೇ ಕಳೆದುಹೋಗುತ್ತದೆ.

‘ಮೇಲ್ವಿಚಾರಣೆ’ ಆಳುಗಳ ಕೆಲಸವನ್ನು ನೋಡಿಕೊಳ್ಳುವುದಕ್ಕಷ್ಟೇ ಸೀಮಿತವಾಗಿದೆ. ‘ಉಸ್ತುವಾರಿ’ಯನ್ನು ಸಚಿವರು ಈಗಾಗಲೇ ತೆಗೆದುಕೊಂಡುಬಿಟ್ಟಿದ್ದಾರೆ. ದೇವಸ್ಥಾನಗಳ ‘ಪಾರುಪತ್ಯ’ ನನಗೆ ಪ್ರಿಯವಾದರೂ ಗಿರಣಿಗೆ ಹೊಂದುವುದಿಲ್ಲ. ‘ವ್ಯವಸ್ಥಾಪಕ’ ಎಂಬುದು ಬಳಕೆಯಲ್ಲಿರುವುದರಿಂದ ‘ವ್ಯವಸ್ಥಾಪನಾ ಕೌಶಲ’ ಎನ್ನುವುದೇ ಮೇಲೆಂದು ನನ್ನ ಒಲವು. ‘ನಿರ್ವಹಣೆ’ಯನ್ನು ಯಂತ್ರ, ರಸ್ತೆ, ಕಟ್ಟಡಗಳಿಗೇ ಬಿಟ್ಟುಕೊಡಬಹುದು. ಇದಕ್ಕೆ ಆಕ್ಷೇಪವಿದ್ದರೆ ತಿಳಿಸಬೇಕು. ಹಾಗೆಯೇ ದೊಡ್ಡಬಳ್ಳಾಪುರದಂಥ ಊರಿನ ಮಗ್ಗದ ಕಾರ್ಖಾನೆಗಳಲ್ಲಿ ನೂಲು, ಆಳು, ಲೆಕ್ಕ ಮೂರನ್ನೂ ಹೊಂದಿಸಿ ನಡೆಸುವ ಕೆಲಸಕ್ಕೆ ಬಾಯಿಮಾತಿನಲ್ಲಿ ಬೇರೆ ಹೆಸರಿದ್ದರೆ, ಬಲ್ಲವರು ಬಳಕೆಯ ವಾಕ್ಯದೊಂದಿಗೆ ಬರೆಯಬೇಕಾಗಿ ಕೋರುತ್ತೇನೆ.