ಬ್ಯಾಟರಿ ಇಲ್ಲದ ಹಳೆಯ ಸ್ನೋಮೊಬೈಲ್‌ಗೆ ಎಲ್‌ಇಡಿ ಹೆಡ್‌ಲೈಟ್ ಹಾಕಬಹುದೇ?

ಪ್ರಶ್ನೆ (ಡುಲುತ್, ಮಿನ್ನೆಸೋಟ)

ಎಲ್ಲರಿಗೂ ನಮಸ್ಕಾರ. 1990ರ ದಶಕದ ಕೊನೆಯಲ್ಲಿ ತಯಾರಾದ, ಕಾರ್ಬ್ಯುರೇಟರ್ ಇರುವ ಟೂ-ಸ್ಟ್ರೋಕ್ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಒಂದನ್ನು ಸೆಕೆಂಡ್‌ಹ್ಯಾಂಡ್ ಆಗಿ ಕೊಂಡಿದ್ದೇನೆ. ಎಂಜಿನ್, ಟ್ರ್ಯಾಕ್, ಸಸ್ಪೆನ್ಷನ್ ಎಲ್ಲವೂ ಗಟ್ಟಿಮುಟ್ಟಾಗಿವೆ. ದೂರು ಇರುವುದು ಹೆಡ್‌ಲೈಟಿನ ಬಗ್ಗೆ ಮಾತ್ರ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿಬಿಡುವುದರಿಂದ, ಕೆಲಸ ಮುಗಿಸಿಕೊಂಡು ನಾರ್ತ್ ಶೋರ್ ಟ್ರೈಲ್ ಎಂಬ ಸ್ನೋಮೊಬೈಲ್ ಹಾದಿಗೆ ಹೋಗುವವರಿಗೆ ಕತ್ತಲಿನ ಸವಾರಿಯೇ ಗತಿ. ಜಿಂಕೆಗಳಂತೂ ಇವೆ, ಆಗೊಮ್ಮೆ ಈಗೊಮ್ಮೆ ಮೂಸ್ (ಜಿಂಕೆ ಜಾತಿಯ ಭಾರಿ ಪ್ರಾಣಿ) ಕೂಡ ಹಾದಿಗೆ ಅಡ್ಡ ಬರುತ್ತದೆ.

ಗಾಡಿಯಲ್ಲಿರುವುದು ಒಂದೇ ಹೆಡ್‌ಲೈಟ್, ಅದರಲ್ಲಿ 60/55 ವ್ಯಾಟ್‌ನ ಎಚ್‌4 ಹ್ಯಾಲೊಜೆನ್ ಬಲ್ಬು. ಗಾಜಿನ ಬದಲು ಪ್ಲಾಸ್ಟಿಕ್ ಮುಚ್ಚಳವಿದ್ದು, ಅದು ಹಳದಿಗಟ್ಟಿದೆ. ಎಂಜಿನ್ ಐಡಲ್‌ನಲ್ಲಿರುವಾಗ ಬೆಳಕು ನಡುಗುತ್ತದೆ. ಹ್ಯಾಂಡಲ್‌ನ ಹೀಟರ್ ಹಾಕಿದರೆ ಇನ್ನಷ್ಟು ಮಂಕಾಗುತ್ತದೆ. ಗಾಡಿಗೆ ಬ್ಯಾಟರಿಯೇ ಇಲ್ಲ, ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಡಬ್ಬಿಯ ಮೇಲೆ 20,000 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಎಂದು ಬರೆದಿರುವ ಎಲ್‌ಇಡಿ ಬಲ್ಬುಗಳು ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಗುತ್ತಿವೆ. ಅದನ್ನು ಹಾಕಲೇ, ಎಚ್‌ಐಡಿ (ಅನಿಲದೊಳಗಿನ ವಿದ್ಯುತ್ ಕಿಡಿಯಿಂದ ಬೆಳಗುವ ದೀಪ) ಕಿಟ್ ಹಾಕಲೇ, ಅಥವಾ 100/80 ವ್ಯಾಟ್‌ನ ಹ್ಯಾಲೊಜೆನ್ ಸಾಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಥಂಡರ್ ಬೇ, ಒಂಟಾರಿಯೊ, ಎಲೆಕ್ಟ್ರಿಕಲ್ ಎಂಜಿನಿಯರ್)

ಬಲ್ಬು ಆರಿಸುವ ಮೊದಲು ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತಿದೆ ಎಂಬುದನ್ನು ನೋಡಬೇಕು. ನಿಮ್ಮ ಗಾಡಿಯಲ್ಲಿ ಫ್ಲೈವೀಲ್‌ನ (ಎಂಜಿನ್ ಜೊತೆ ತಿರುಗುವ ಚಕ್ರದ) ಒಳಗಿರುವ ಸ್ಟೇಟರ್‌ನ, ಅಂದರೆ ತಿರುಗದ ಸುರುಳಿಗಳ ಜೋಡಣೆಯ, ಲೈಟಿಂಗ್ ಕಾಯಿಲ್ ಎಸಿ ವಿದ್ಯುತ್ತನ್ನು ಉತ್ಪಾದಿಸುತ್ತದೆ, ಒಂದು ರೆಗ್ಯುಲೇಟರ್ ಅದು ಮಿತಿ ಮೀರದಂತೆ ತಡೆಯುತ್ತದೆ, ಮತ್ತು ಆ ಎಸಿ ಹಾಗೆಯೇ ನೇರವಾಗಿ ಹೆಡ್‌ಲೈಟ್, ಟೇಲ್‌ಲೈಟ್, ಹೀಟರ್‌ಗಳಿಗೆ ಹೋಗುತ್ತದೆ. ನಮ್ಮೂರಿನಲ್ಲಿ ಹಳೆಯ ಬಜಾಜ್ ಚೇತಕ್ ಓಡಿಸಿದವರಿಗೆ ಇದು ಹೊಸದೇನಲ್ಲ. ಸಿಗ್ನಲ್‌ನಲ್ಲಿ ನಿಂತರೆ ಮಂಕಾಗಿ, ಆಕ್ಸಿಲರೇಟರ್ ತಿರುವಿದರೆ ಪ್ರಕಾಶಿಸುತ್ತಿದ್ದ ಆ ದೀಪವೇ ಇದು. ಹೀಗಾಗಿ ಐಡಲ್‌ನಲ್ಲಿ ಬೆಳಕು ನಡುಗುವುದನ್ನು ದೋಷವೆನ್ನಲಾಗದು, ಆ ವ್ಯವಸ್ಥೆಯ ಸ್ವಭಾವವೇ ಹಾಗೆ.

ಇದರಿಂದ ನಿಮ್ಮ ಮೂರು ಆಯ್ಕೆಗಳಲ್ಲಿ ಎರಡು ತಾವಾಗಿಯೇ ಬಿದ್ದುಹೋಗುತ್ತವೆ. 100/80 ವ್ಯಾಟ್‌ನ ಬಲ್ಬು ಹಾಕಿದರೆ ಸ್ಟೇಟರ್ ಅಷ್ಟು ಹೆಚ್ಚುವರಿ ಶಕ್ತಿಯನ್ನು ಎಲ್ಲಿಂದಲೂ ತಂದುಕೊಡುವುದಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ವೋಲ್ಟೇಜ್ ಕುಸಿದು ಹೀಟರ್ ತಣ್ಣಗಾಗುತ್ತದೆ, ಮೇಲಾಗಿ ಆ ಶಾಖಕ್ಕೆ ಹೋಲ್ಡರ್ ಮತ್ತು ಪ್ಲಾಸ್ಟಿಕ್ ರಿಫ್ಲೆಕ್ಟರ್ ಕರಗುವ ಅಪಾಯವಿದೆ. ಎಚ್‌ಐಡಿಯ ಬ್ಯಾಲಸ್ಟ್‌ಗೆ (ಅದಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆಗೆ) ಸ್ಥಿರವಾದ ಡಿಸಿ ಬೇಕು, ಹೊತ್ತಿಕೊಳ್ಳುವ ಕ್ಷಣದಲ್ಲಿ ಅದು ಎಳೆಯುವ ಕರೆಂಟ್ ಕೂಡ ಬಹಳ ಹೆಚ್ಚು. ಬ್ಯಾಟರಿಯಿಲ್ಲದ ಗಾಡಿಗೆ ಅದನ್ನು ನಾನು ಶಿಫಾರಸು ಮಾಡಲಾರೆ.

ಎಲ್‌ಇಡಿ ಹಾಕಬಹುದು, ಆದರೆ ಡಿಸಿಗೆ ಪರಿವರ್ತಿಸಿಕೊಂಡ ನಂತರವೇ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಬಲ್ಬು ಉರಿಯುತ್ತಿರುವಾಗಲೇ ಅದರ ಕನೆಕ್ಟರ್‌ನ ಹಿಂಬದಿಯಿಂದ ಅಳೆಯಿರಿ. ಅದೇ ಹೊತ್ತಿಗೆ ರೆಗ್ಯುಲೇಟರ್‌ನ ಬಳಿಯೂ ಅಳೆದು ಹೋಲಿಸಿರಿ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ: ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಇಷ್ಟು ವರ್ಷ ಹಿಮ, ನೀರು, ಕಂಪನಗಳನ್ನು ಕಂಡ ಕನೆಕ್ಟರುಗಳಲ್ಲಿ ಒಂದು ವೋಲ್ಟ್ ಸೋರಿಹೋಗುವುದು ತೀರಾ ಸಾಮಾನ್ಯ. ಪಿನ್‌ಗಳ ಮೇಲಿನ ಹಸಿರು ಕಿಲುಬನ್ನು ಕೆರೆದು ತೆಗೆದು, ಅರ್ಥ್ ವೈರಿನ ಬೋಲ್ಟ್ ಬಿಚ್ಚಿ ಉಜ್ಜಿ, ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಮತ್ತೆ ಬಿಗಿ ಮಾಡಿದರೆ, ಹಣ ಖರ್ಚಿಲ್ಲದೆ ಬೆಳಕಿನ ಒಂದು ಭಾಗ ಮರಳಿ ಬರುತ್ತದೆ.

ಉತ್ತರ 2 (ಮಾರ್ಕೆಟ್, ಮಿಷಿಗನ್)

ವಿದ್ಯುತ್ತಿನ ವಿಷಯವನ್ನು ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಬೆಳಕಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ಲ್ಯೂಮೆನ್ ಸಂಖ್ಯೆಯ ಹಿಂದೆ ಬಿದ್ದವರಲ್ಲಿ ಅನೇಕರು ಕೊನೆಗೆ ಬಿಳಿ ಗೋಡೆಯೊಂದನ್ನು ನೋಡುತ್ತಾ ಸವಾರಿ ಮಾಡುತ್ತಿದ್ದಾರೆ.

ಸರಿಯಾದ ವೋಲ್ಟೇಜ್ ಸಿಕ್ಕರೆ ಒಂದು ಸಾಮಾನ್ಯ ಎಚ್‌4 ಹ್ಯಾಲೊಜೆನ್ ಡಿಮ್‌ನಲ್ಲಿ ಸುಮಾರು 1,000, ಬ್ರೈಟ್‌ನಲ್ಲಿ ಸುಮಾರು 1,650 ಲ್ಯೂಮೆನ್ ಕೊಡುತ್ತದೆ. ಡಬ್ಬಿಯ ಮೇಲಿನ 20,000ವನ್ನು ನಂಬಬೇಡಿ. ಆ ಗಾತ್ರದ ಬಲ್ಬು ಅಷ್ಟು ಬೆಳಕು ಕೊಡುವಂತಿದ್ದರೆ ಅದರ ಶಾಖವನ್ನು ಹೊರಹಾಕಲು ಹಿಂಬದಿಯ ಆ ಪುಟ್ಟ ಫ್ಯಾನು ಯಾವ ಮೂಲೆಗೂ ಸಾಲದು. ನಿಮ್ಮ ರಿಫ್ಲೆಕ್ಟರನ್ನು ವಿನ್ಯಾಸ ಮಾಡಿರುವುದು ಹ್ಯಾಲೊಜೆನ್‌ನ ತೆಳುವಾದ ಫಿಲಮೆಂಟ್ ಇರುವ ನಿರ್ದಿಷ್ಟ ಜಾಗವನ್ನು ಲೆಕ್ಕಕ್ಕೆ ತೆಗೆದುಕೊಂಡು. ಎಲ್‌ಇಡಿ ಚಿಪ್‌ಗಳು ಅದೇ ಜಾಗದಲ್ಲಿ, ಅದೇ ಉದ್ದದಲ್ಲಿ, ಎರಡೂ ಪಕ್ಕಕ್ಕೆ ಮುಖ ಮಾಡಿ ಕೂರದಿದ್ದರೆ ಬೆಳಕು ಹಾದಿಯ ಮೇಲೆ ಬೀಳುವುದನ್ನು ಬಿಟ್ಟು ಮರಗಳ ತುದಿಗೂ ಎದುರಿನವರ ಕಣ್ಣಿಗೂ ಚದುರಿಹೋಗುತ್ತದೆ. ಆದ್ದರಿಂದ ಚಿಪ್‌ಗಳ ನಡುವಿನ ಫಲಕ ತೀರಾ ತೆಳ್ಳಗಿರುವ, ಕಾಲರ್ ತಿರುಗಿಸಿ ಹೊಂದಿಸಿಕೊಳ್ಳಬಹುದಾದ ಬಲ್ಬನ್ನೇ ಕೊಳ್ಳಿ.

ಬಣ್ಣವನ್ನು ಯಾರೂ ಕೇಳುವುದೇ ಇಲ್ಲ. ಮಾರುಕಟ್ಟೆಯ ಹೆಚ್ಚಿನ ಎಲ್‌ಇಡಿಗಳು 6,000ದಿಂದ 6,500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ನೀಲಿ ಬೆರೆತ ಬಿಳುಪಿನವು. ಒಣ ರಾತ್ರಿಯಲ್ಲಿ ಅವು ಚೆನ್ನಾಗಿಯೇ ಕಾಣುತ್ತವೆ, ಆದರೆ ಹಿಮ ಸುರಿಯುವಾಗ ಅಥವಾ ಮುಂದಿನ ಸ್ನೋಮೊಬೈಲ್ ಎಬ್ಬಿಸಿದ ಹಿಮದ ಪುಡಿಯೊಳಗೆ ನುಗ್ಗಿದಾಗ ಆ ಬೆಳಕೆಲ್ಲ ವಾಪಸ್ಸು ಬಂದು ಸವಾರನ ಕಣ್ಣಿಗೇ ರಾಚುತ್ತದೆ. 4,300 ಕೆಲ್ವಿನ್‌ನ ಆಸುಪಾಸಿನದು ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ನನ್ನ ಕಣ್ಣಿಗೆ ಅದರಲ್ಲಿ ಹಾದಿಯ ಉಬ್ಬುತಗ್ಗುಗಳ ನೆರಳೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು ತೊಂದರೆ ಹೆಡ್‌ಲೈಟಿನ ಮುಚ್ಚಳದ್ದು. ಹ್ಯಾಲೊಜೆನ್‌ನ ಶಾಖ ಮುಂದಕ್ಕೆ ಹರಿದು ಮುಚ್ಚಳದ ಮೇಲಿನ ಹಿಮವನ್ನು ಕರಗಿಸುತ್ತಿರುತ್ತದೆ, ಎಲ್‌ಇಡಿಯ ಶಾಖ ಹಿಂದಕ್ಕೆ ಹೋಗುತ್ತದೆ. ಗುಂಪಿನಲ್ಲಿ ಹಿಂದೆ ಸಾಗುವಾಗ ಅರ್ಧ ಗಂಟೆಯೊಳಗೆ ಮುಚ್ಚಳದ ಮೇಲೆ ಬಿಳಿಯ ಹೊರಪದರ ಕಟ್ಟಿಕೊಂಡು, ಎಷ್ಟು ದುಬಾರಿ ಬಲ್ಬಾದರೂ ಹಾಲುಗಾಜಿನ ಹಿಂದಿನ ದೀಪದಂತಾಗುತ್ತದೆ. ಕೈಗವಸಿನಿಂದ ಒರೆಸುತ್ತಾ ಹೋಗುವ ತಾಳ್ಮೆ ಇದ್ದವರಿಗೆ ಮಾತ್ರ ಎಲ್‌ಇಡಿ.

ಏನನ್ನೂ ಕೊಳ್ಳುವ ಮೊದಲು ಆ ಹಳದಿ ಮುಚ್ಚಳವನ್ನು ನೀರು ಹಾಕಿಕೊಂಡು 1000, ನಂತರ 2000 ನಂಬರಿನ ಉಪ್ಪುಕಾಗದದಿಂದ ತಿಕ್ಕಿ, ಪಾಲಿಶ್ ಮಾಡಿ, ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯಿರಿ. ಬಳಿಕ ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ, ಬ್ರೈಟ್ ಬೆಳಕಿನ ನಡುಭಾಗವು ಹೆಡ್‌ಲೈಟಿನ ಎತ್ತರಕ್ಕಿಂತ ಸುಮಾರು ಎರಡು ಇಂಚು ಕೆಳಗೆ ಬೀಳುವಂತೆ ಹೊಂದಿಸಿ. ನಿಮ್ಮ ಮಾದರಿಯ ನಿಖರ ಅಳತೆ ಮ್ಯಾನ್ಯುಯಲ್‌ನಲ್ಲಿರುತ್ತದೆ. ಆಗ ನೀವು ಸೀಟಿನ ಮೇಲೆ ಕೂತಿರಬೇಕು, ತಿರುಪನ್ನು ಇನ್ನೊಬ್ಬರು ತಿರುಗಿಸಬೇಕು. ಖಾಲಿ ಗಾಡಿಯಲ್ಲಿ ಹೊಂದಿಸಿದರೆ, ನೀವು ಕೂತೊಡನೆ ಹಿಂಬದಿ ತಗ್ಗಿ ಬೆಳಕು ಆಕಾಶ ನೋಡುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹೇಳಿದಂತೆ ಅಳೆದೆ. ಬಲ್ಬಿನ ಬಳಿ ಐಡಲ್‌ನಲ್ಲಿ ಒಂಬತ್ತೂವರೆ ವೋಲ್ಟ್, ಆರ್‌ಪಿಎಂ ಏರಿಸಿದಾಗ ಹನ್ನೊಂದೂವರೆ. ಅದೇ ಹೊತ್ತಿಗೆ ರೆಗ್ಯುಲೇಟರ್ ಬಳಿ ಹದಿಮೂರರ ಹತ್ತಿರ ಇತ್ತು. ಹುಡ್ ತೆರೆಯುವ ಮಡಿಕೆಯ ಬಳಿಯ ಕನೆಕ್ಟರ್ ಕಪ್ಪಗೆ ಸುಟ್ಟಂತಿತ್ತು, ಅದನ್ನು ಬದಲಾಯಿಸಿದ ಮೇಲೆ ಬಲ್ಬಿಗೂ ಹನ್ನೆರಡೂವರೆ ದಾಟಿ ಬರುತ್ತಿದೆ. ವ್ಯತ್ಯಾಸ ಕಣ್ಣಿಗೆ ಎದ್ದು ಕಾಣುತ್ತದೆ. ಆದರೂ ಹೀಟರ್ ಜೊತೆಗೆ ಹೆಲ್ಮೆಟ್‌ನ ಬಿಸಿ ಶೀಲ್ಡನ್ನೂ ಬಳಸಬೇಕಾದ್ದರಿಂದ, ಎಲ್‌ಇಡಿ ಹಾಕಿ ಕೆಲವು ವ್ಯಾಟ್ ಉಳಿಸುವ ಆಸೆಯಿದೆ. ಎಸಿಯನ್ನು ಡಿಸಿ ಮಾಡಲು ಬ್ರಿಜ್ ರೆಕ್ಟಿಫೈಯರ್ ಒಂದನ್ನು ಮಧ್ಯೆ ಜೋಡಿಸಿದರೆ ಸಾಕೇ?

ಉತ್ತರ 1ರ ಲೇಖಕರು

ಜೋಡಿಸಿದರೆ ಸಾಕು, ಆದರೆ ಅರ್ಥಿಂಗ್ ವಿಷಯದಲ್ಲಿ ಎಚ್ಚರ ಬೇಕು. ಅನೇಕ ಗಾಡಿಗಳಲ್ಲಿ ಲೈಟಿಂಗ್ ಕಾಯಿಲ್‌ನ ಒಂದು ತುದಿ ಚಾಸಿಗೆ ಸೇರಿರುತ್ತದೆ. ಅಂಥ ಗಾಡಿಯಲ್ಲಿ ಬ್ರಿಜ್‌ನ ಮೈನಸ್ ತುದಿಯನ್ನೂ ಚಾಸಿಗೆ ಸೇರಿಸಿದರೆ, ಎಸಿಯ ಅರ್ಧ ಆವರ್ತವು ಬ್ರಿಜ್‌ನೊಳಗಿನ ಒಂದೇ ಡಯೋಡಿನ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗದ) ಮೂಲಕ ಶಾರ್ಟ್ ಆಗಿ ಡಯೋಡ್ ಸುಡುತ್ತದೆ. ಆದ್ದರಿಂದ ಎಚ್‌4 ಹೋಲ್ಡರ್‌ನ ಮೂರು ವೈರುಗಳಲ್ಲಿ ಡಿಮ್‌ಗೂ ಬ್ರೈಟ್‌ಗೂ ಸಮಾನವಾದ ವೈರನ್ನು ಚಾಸಿಯಿಂದ ಬಿಡಿಸಿ, ಬೇರೆ ವೈರಿನ ಮೂಲಕ ನೇರವಾಗಿ ಬ್ರಿಜ್‌ನ ಮೈನಸ್‌ಗೆ ತನ್ನಿರಿ. ಬ್ರಿಜ್ ಅನ್ನು ಡಿಮ್-ಬ್ರೈಟ್ ಸ್ವಿಚ್‌ಗಿಂತ ಮೊದಲು ಇಟ್ಟರೆ ಒಂದೇ ಸಾಕಾಗುತ್ತದೆ. ಟೇಲ್‌ಲೈಟ್ ಮತ್ತು ಹೀಟರ್‌ಗಳ ಕವಲು ಅದಕ್ಕೂ ಮುಂಚೆಯೇ ಒಡೆದು ಎಸಿಯಲ್ಲೇ ಉಳಿಯಲಿ. ಮೀಟರ್ ಬಳಿಯ ಬ್ರೈಟ್ ಸೂಚಕ ದೀಪ ಚಾಸಿಯನ್ನು ನೆಚ್ಚಿಕೊಂಡಿದ್ದರೆ ಅದರ ಅರ್ಥ್ ವೈರನ್ನೂ ಹೀಗೆಯೇ ಬದಲಾಯಿಸಬೇಕಾಗುತ್ತದೆ.

ಲೋಹದ ಮೈಯಿರುವ 35 ಆಂಪಿಯರ್‌ನ ಬ್ರಿಜ್, ಅಂದರೆ ಅಂಗಡಿಯಲ್ಲಿ ಕೆಬಿಪಿಸಿ 3510 ಎಂದು ಕೇಳಿದರೆ ಕೊಡುವುದು, ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಅದನ್ನು ಅಲ್ಯೂಮಿನಿಯಂ ಟನಲ್‌ಗೆ (ಟ್ರ್ಯಾಕಿನ ಮೇಲಿನ ಲೋಹದ ಚೌಕಟ್ಟಿಗೆ) ಬೋಲ್ಟ್ ಮಾಡಿದರೆ ತಂಪಾಗಿರುತ್ತದೆ. ನಡುಗು ನಿಲ್ಲಿಸಲು ಔಟ್‌ಪುಟ್‌ಗೆ 4,700 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಸೇರಿಸಿ. ಎಸಿಯ 12 ವೋಲ್ಟ್ ಎಂದರೆ ತುದಿಯಲ್ಲಿ ಸುಮಾರು 17 ವೋಲ್ಟ್ ಇರಬಲ್ಲುದರಿಂದ 16 ವೋಲ್ಟ್‌ನ ಕೆಪಾಸಿಟರ್ ಉಬ್ಬಿ ಒಡೆಯುತ್ತದೆ. 35 ವೋಲ್ಟ್‌ನದು, ಮೈನಸ್ 40 ಡಿಗ್ರಿಯವರೆಗೆ ಕೆಲಸ ಮಾಡುವುದು ಇರಲಿ. ಬಲ್ಬು ಕೂಡ 9ರಿಂದ 32 ವೋಲ್ಟ್‌ವರೆಗೆ ತಡೆಯುವಂಥದಾಗಿರಬೇಕು. ಬ್ರಿಜ್‌ನಿಂದ ಹೊರಟ ಪ್ಲಸ್ ವೈರಿಗೆ 5 ಆಂಪಿಯರ್‌ನ ಫ್ಯೂಸು ಹಾಕಿ.

ಉತ್ತರ 3 (ಈಗಲ್ ರಿವರ್, ವಿಸ್ಕಾನ್ಸಿನ್)

ಮೇಲಿನ ಚರ್ಚೆಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಕನೆಕ್ಟರ್ ಬದಲಾಯಿಸಿದ ಮೇಲೆ ಹನ್ನೆರಡೂವರೆ ವೋಲ್ಟ್ ಬರುತ್ತಿದೆ ಎಂದರೆ, ಒಂದು ಒಳ್ಳೆಯ ಹೊಸ ಹ್ಯಾಲೊಜೆನ್ ಮತ್ತು ಪಾಲಿಶ್ ಮಾಡಿದ ಮುಚ್ಚಳ ಸಾಕಲ್ಲವೇ? ಹೊಸ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟದಿರಿ, ಬೆರಳಿನ ಜಿಡ್ಡು ಕಾದು ಗಾಜನ್ನು ಸೀಳುತ್ತದೆ. ಬಲ್ಬು ಪದೇ ಪದೇ ಸುಟ್ಟರೆ ಬಲ್ಬನ್ನು ದೂರದೆ ರೆಗ್ಯುಲೇಟರನ್ನು ಪರೀಕ್ಷಿಸಿ.

ವಿಸ್ಕಾನ್ಸಿನ್‌ನಲ್ಲಿ ರಾತ್ರಿಯ ಮಿತಿ ಗಂಟೆಗೆ 55 ಮೈಲಿ. ಮಿನ್ನೆಸೋಟದ ಸಾರ್ವಜನಿಕ ಜಾಗಗಳಲ್ಲಿ ಹಗಲಿಗೂ ರಾತ್ರಿಗೂ 50. ಆ 50ರಲ್ಲಿ ಗಾಡಿ ಸೆಕೆಂಡಿಗೆ 73 ಅಡಿ ಸಾಗುತ್ತದೆ, ಅಂದರೆ ಜಿಂಕೆ ಕಂಡು ಬೆರಳು ಬ್ರೇಕ್ ಹಿಡಿಯುವ ಒಂದೂವರೆ ಸೆಕೆಂಡಿನಲ್ಲೇ 110 ಅಡಿ ಕಳೆದಿರುತ್ತದೆ. ಗಡುಸು ಹಿಮದ ಮೇಲೆ ಜಾರುವ ದೂರ ಅದರಾಚೆಗೆ. ಬೆಳಕು ಹೆಚ್ಚಾದಂತೆ ವೇಗವನ್ನೂ ಏರಿಸಿಕೊಂಡವರಿಗೆ ಹೊಸ ಬಲ್ಬಿನಿಂದ ಲಾಭವೇನೂ ಆಗುವುದಿಲ್ಲ.

ಎಲ್‌ಇಡಿಯನ್ನೇ ಹಾಕುವುದಾದರೆ, ಮಿನ್ನೆಸೋಟದಲ್ಲಿ ಹೆದ್ದಾರಿಯ ಪಕ್ಕದ ಹಳ್ಳದಲ್ಲಿ ರಾತ್ರಿ ಸಾಗುವವರು ರಸ್ತೆಯ ಬಲಬದಿಯಲ್ಲಿ, ವಾಹನಗಳು ಹೋಗುವ ದಿಕ್ಕಿನಲ್ಲಿಯೇ ಹೋಗಬೇಕೆಂಬ ನಿಯಮವನ್ನು ನೆನಪಿಡಿ. ಅದನ್ನು ಮೀರಿ ವಿರುದ್ಧ ದಿಕ್ಕಿನಲ್ಲಿ ಹೋದರೆ, ಎದುರಿನಿಂದ ಬರುವ ಕಾರಿನವರಿಗೆ ತಮ್ಮ ಬಲಗಡೆ ಇದ್ದಕ್ಕಿದ್ದಂತೆ ಹೆಡ್‌ಲೈಟ್ ಕಂಡರೆ ರಸ್ತೆ ಯಾವ ಕಡೆಗಿದೆ ಎಂಬುದೇ ತಿಳಿಯದಾಗುತ್ತದೆ, ಮತ್ತು ಚದುರುವ ಎಲ್‌ಇಡಿ ಆ ಗೊಂದಲವನ್ನು ಇಮ್ಮಡಿ ಮಾಡುತ್ತದೆ. ಬಿಚ್ಚಿದ ಹ್ಯಾಲೊಜೆನ್ ಬಲ್ಬನ್ನು ಎಸೆಯಬೇಡಿ. ಚಾಸಿಯಿಂದ ಬಿಡಿಸಿದ ವೈರು ಬ್ರಿಜ್‌ನ ಮೈನಸ್‌ಗೆ ಸೇರಿದ್ದರೂ ಅದೇ ಹೋಲ್ಡರ್‌ನಲ್ಲಿ ಅದು ಡಿಸಿಯಲ್ಲೂ ಉರಿಯುತ್ತದೆ, ಆದರೆ ಫ್ಯೂಸು ಮಾತ್ರ 10 ಆಂಪಿಯರ್‌ನದು ಬೇಕಾಗುತ್ತದೆ. ಬಲ್ಬು, ಫ್ಯೂಸು ಎರಡನ್ನೂ ಸಣ್ಣ ಡಬ್ಬಿಯಲ್ಲಿ ಹತ್ತಿ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಳ್ಳಿ.